ಲಿಂಕ್ ಇದೆಯಲ್ಲ ಎನ್ನುವವರಿಗೆ



ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗಳು ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೊರಟಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮಲಯಾಳ ಮಾತಾಡುತ್ತಾಳೆ, ಓದುವಾಗ ತಡವರಿಸುತ್ತಾಳೆ. ನಮ್ಮ ಕಾಸರಗೋಡಿನ ಅರ್ಧ ಮಕ್ಕಳ ಕಥೆ ಇದೇ, ಹೊಸದಾಗಿ ಹೇಳಬೇಕಾಗಿಲ್ಲ. ಆ ಕಚೇರಿಯವರು ಅಪರೂಪಕ್ಕೆ ತಮ್ಮ ಜಾಲತಾಣದಲ್ಲಿ ಕನ್ನಡದಲ್ಲೂ ಪ್ರಕಟಣೆ ಹಾಕಿದ್ದರು. ಕೊನೆಯ ದಿನಾಂಕ 25 ಎಂದಿತ್ತು. ಪುಟದ ಕೆಳಗೆ ಎರಡು ಲಿಂಕ್‌ಗಳಿದ್ದವು: ಒಂದು ಅರ್ಜಿ ನಮೂನೆಗೆ, ಇನ್ನೊಂದು ಯಾರು ಅರ್ಹರು ಎನ್ನುವ ನಿಯಮಗಳಿಗೆ. ನಾನೇ ಅವಳಿಗೆ ವಾಟ್ಸಾಪಿನಲ್ಲಿ ಲಿಂಕ್ ಕಳುಹಿಸಿದೆ. "ವಿಲೇಜ್ ಆಫೀಸಿನಿಂದ ವರಮಾನದ ಸರ್ಟಿಫಿಕೇಟ್ ಬರಲಿ, ಆಮೇಲೆ ಹಾಕು. ಲಿಂಕ್ ಇದೆಯಲ್ಲ" ಎಂದೆ.

ಸರ್ಟಿಫಿಕೇಟ್ ಬಂದದ್ದು 22ಕ್ಕೆ. ಅದೇ ಲಿಂಕ್ ಒತ್ತಿದರೆ ಅದೇ ಪುಟ ತೆರೆಯಿತು, ಆದರೆ ಕೊನೆಯ ದಿನಾಂಕ 20 ಎಂದಿತ್ತು. ಅರ್ಜಿ ನಮೂನೆಯ ಲಿಂಕ್ ಒತ್ತಿದರೆ ಪುಟ ಸಿಗುತ್ತಿಲ್ಲ ಎಂಬ ಉತ್ತರ. ಕಚೇರಿಗೆ ಹೋದೆವು. ಮೊದಲಿನಿಂದಲೂ 20 ಎಂದೇ ಇತ್ತು ಎಂದರು. ಅವಳ ಫೋನಿನಲ್ಲಿ ಒಂದು ಸ್ಕ್ರೀನ್‌ಶಾಟ್ ಇತ್ತು, 25 ಎಂದು ಕಾಣುವ ಭಾಗ ಮಾತ್ರ. ಮೇಲೆ ಜಾಲದ ವಿಳಾಸ ಇಲ್ಲ, ಯಾವ ದಿನ ತೆಗೆದದ್ದು ಎಂದಿಲ್ಲ, ಯಾವ ಕಚೇರಿಯದು ಎಂದೂ ಇಲ್ಲ. ಮೇಜಿನ ಆಚೆ ಕುಳಿತವರು ಅದನ್ನು ನೋಡಿ, "ಇದನ್ನು ಯಾರು ಬೇಕಾದರೂ ಮಾಡಬಹುದು ಮೋಳೇ" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಅವಳ ಒಂದು ವರ್ಷ ಹೋಯಿತು.

ಆ ಮನುಷ್ಯ ಸುಳ್ಳು ಹೇಳಿದರು ಎಂದು ನನಗೆ ಅನಿಸುವುದಿಲ್ಲ. ಯಾರೋ ಎಲ್ಲೋ ಕುಳಿತು ಪುಟವನ್ನು ತಿದ್ದಿದ್ದಾರೆ, ತಿದ್ದಿದ್ದೇವೆ ಎಂದು ಎಲ್ಲೂ ಬರೆದಿಲ್ಲ. ಮೇಜಿನ ಆಚೆಯವರಿಗೆ ಗೊತ್ತಿರುವುದು ಇವತ್ತು ಪರದೆಯಲ್ಲಿ ಕಾಣುವುದು ಮಾತ್ರ. ನನಗೆ ಸಿಟ್ಟು ಬಂದದ್ದು ನನ್ನ ಮೇಲೆ, "ಲಿಂಕ್ ಇದೆಯಲ್ಲ" ಎಂದ ಬಾಯಿಯ ಮೇಲೆ. ಈ ಮಾತನ್ನು ನಾನೊಬ್ಬನೇ ಆಡುವುದಲ್ಲ. ನಮ್ಮ ಗುಂಪಿನಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಅದಕ್ಕೇ ಈ ಬರಹ, ಸ್ವಲ್ಪ ಖಾರವಾಗಿದ್ದರೆ ಬೇಸರಿಸಬೇಡಿ.

ಲಿಂಕ್ ಎಂದರೆ ವಿಳಾಸ, ಅಷ್ಟೇ. ನನ್ನ ಹತ್ತಿರ ನಿಮ್ಮ ಮನೆಯ ವಿಳಾಸ ಇದೆ ಎಂದರೆ ನಿಮ್ಮ ಮನೆ ನನ್ನ ಹತ್ತಿರ ಇದೆ ಎಂದಾಗುವುದಿಲ್ಲ. ನೀವು ಮನೆ ಮಾರಬಹುದು, ಕೆಡವಿ ಬೇರೆ ಕಟ್ಟಬಹುದು, ಬೀಗ ಹಾಕಿ ಗಲ್ಫಿಗೆ ಹೋಗಬಹುದು. ನನ್ನ ಚೀಟಿಯಲ್ಲಿ ವಿಳಾಸ ಮಾತ್ರ ಹಾಗೇ ಇರುತ್ತದೆ.

ಕಾಗದದ ಕಾಲದಲ್ಲಿ ಹೀಗಿರಲಿಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದಾಗ ಒಂದೊಂದು ಹಾಳೆ ಒಂದೊಂದು ಮನೆಗೆ ಹೋಯಿತು. ಅಚ್ಚುಕೂಟದವರು ಆಮೇಲೆ ಮನಸ್ಸು ಬದಲಿಸಿದರೂ ಹೋದ ಹಾಳೆಗಳನ್ನು ತಿದ್ದುವಂತಿರಲಿಲ್ಲ. ಆ ಪತ್ರಿಕೆಯನ್ನು ನಾವು ಇಂದೂ ನೋಡಬಹುದಾದರೆ ಕಾರಣ ಇಷ್ಟೇ, ಯಾರೋ ತಮ್ಮ ಕೈಗೆ ಬಂದ ಪ್ರತಿಯನ್ನು ಎತ್ತಿಟ್ಟರು. ಜಾಲದ ಪುಟ ಹಾಗೆ ಮನೆಮನೆಗೆ ಬರುವುದಿಲ್ಲ. ಅದು ಇರುವುದು ಯಾರದೋ ಕಂಪ್ಯೂಟರಿನಲ್ಲಿ. ಪ್ರತಿ ಸಲ ಓದುವಾಗಲೂ ನಾವು ಅವರ ಬಾಗಿಲು ತಟ್ಟುತ್ತೇವೆ, ಅವರು ಆ ಕ್ಷಣ ಏನು ಕೊಡುತ್ತಾರೋ ಅದನ್ನು ಓದುತ್ತೇವೆ.

"ಒಂದೆರಡು ಪುಟ ಹೋಗಬಹುದು, ಅದಕ್ಕೆ ಇಷ್ಟು ರಾದ್ಧಾಂತವೇ" ಎಂದು ಕೇಳಿದ ಗೆಳೆಯನಿಗೆ ಲೆಕ್ಕ ಕೊಡುತ್ತೇನೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿ ಇದ್ದ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳಲ್ಲಿ ಸಿಗದಂತಾಗಿದ್ದವು. ಸರಕಾರಿ ಪುಟಗಳಲ್ಲಿ ಶೇ. 21ರಲ್ಲಿ ಕನಿಷ್ಠ ಒಂದು ಸತ್ತ ಲಿಂಕ್ ಇತ್ತು.  ಅಷ್ಟು ಹಣ, ಅಷ್ಟು ಜನ ಇರುವ ಕಡೆಯೇ ಹೀಗಾದರೆ, ಗಡಿಯ ಈಚೆ ಯಾರೋ ಒಬ್ಬ ಉತ್ಸಾಹಿ ನಡೆಸುವ ಕನ್ನಡ ಪುಟಕ್ಕೆ ಎಷ್ಟು ಆಯುಷ್ಯ? ಆ ಉತ್ಸಾಹಿ ಒಂದು ವರ್ಷ ವಿಳಾಸದ ಬಾಡಿಗೆ ಕಟ್ಟಲು ಮರೆತರೆ ಮುಗಿಯಿತು.

ದೊಡ್ಡವರ ಕೈಯಲ್ಲಿದ್ದರೆ ಭದ್ರ ಎನ್ನುವವರೂ ಇದ್ದಾರೆ. ನಮ್ಮ ಅಣ್ಣಂದಿರು, ಅಕ್ಕಂದಿರು ಆರ್ಕುಟ್‌ನಲ್ಲಿ ಬರೆದದ್ದೆಲ್ಲ ಈಗ ಎಲ್ಲಿದೆ? ಗೂಗಲ್ ಅದನ್ನು 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಜನ ತಾವೇ ಕಟ್ಟಿಕೊಂಡಿದ್ದ ಲಕ್ಷಾಂತರ ಪುಟಗಳಿದ್ದ ಜಿಯೋಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. ಸ್ವಯಂಸೇವಕರು ರಾತ್ರಿ ಹಗಲು ಕುಳಿತು ಕೈಲಾದಷ್ಟು ಇಳಿಸಿಕೊಳ್ಳದಿದ್ದರೆ ಅದರಲ್ಲಿ ಬಹಳಷ್ಟು ಉಳಿಯುತ್ತಿರಲಿಲ್ಲ. ಮುಂದೆ ಓದಲು ಲೇಖನ ಎತ್ತಿಡುವುದಕ್ಕೆಂದೇ ಇದ್ದ ಪಾಕೆಟ್ ಎಂಬ ಸೇವೆ 2025ರ ಜುಲೈಯಲ್ಲಿ ನಿಂತಿತು. ನನ್ನ ನೂರಾರು ಲೇಖನಗಳು ಅದರಲ್ಲಿದ್ದವು. ಎತ್ತಿಟ್ಟಿದ್ದೇನೆ ಎಂದುಕೊಂಡಿದ್ದೆ, ನನ್ನ ಕೈಗೆ ಉಳಿದದ್ದು ಮತ್ತೆ ವಿಳಾಸಗಳ ಪಟ್ಟಿ. ಜಾಲ ಹುಟ್ಟಿದ ಮನೆಯ ಕಥೆಯೂ ಬೇರೆಯಲ್ಲ. ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆ ಜಗತ್ತಿನ ಮೊದಲ ಜಾಲತಾಣವನ್ನು ಹಳೆಯ ವಿಳಾಸದಲ್ಲಿ ಮತ್ತೆ ಕಾಣುವಂತೆ 2013ರಲ್ಲಿ ಮಾಡಿತು. ಅಲ್ಲಿ ಇಡಲು ಅವರಿಗೆ ಸಿಕ್ಕಿದ್ದು 1992ರ ಪ್ರತಿ. ಅದಕ್ಕೂ ಹಿಂದಿನದು ಆಗ ಅವರ ಕೈಗೆ ಸಿಕ್ಕಿರಲಿಲ್ಲ.

ಇನ್ನು ಸ್ಕ್ರೀನ್‌ಶಾಟ್ ವೀರರ ವಿಷಯ. ಫೋನಿನ ಪರದೆಯ ಚಿತ್ರ ತೆಗೆದು "ಸೇವ್ ಮಾಡಿದೆ" ಎನ್ನುವುದು ನಮ್ಮೆಲ್ಲರ ಅಭ್ಯಾಸ. ಚಿತ್ರದಲ್ಲಿ ಅಕ್ಷರ ಕಾಣುತ್ತದೆ ನಿಜ. ಆದರೆ ಹುಡುಕುವುದು, ಒಂದು ಸಾಲನ್ನು ಎತ್ತಿ ಬರೆಯುವುದು ಪುಟದಲ್ಲಿದ್ದಷ್ಟು ಸುಲಭವಲ್ಲ, ಮುಖ್ಯವಾಗಿ ಲಿಂಕ್‌ಗಳು ಅಲ್ಲೇ ಸಾಯುತ್ತವೆ. ತಂಗಿಯ ಪ್ರಕಟಣೆಯನ್ನೇ ನೋಡಿ. ಅದರಲ್ಲಿ ಬರೆದಿದ್ದದ್ದು ಹತ್ತು ಸಾಲು. ನಿಜವಾಗಿ ಬೇಕಿದ್ದ ನಮೂನೆ ಮತ್ತು ನಿಯಮ ಲಿಂಕ್‌ನ ಆಚೆ ಇದ್ದವು. 'ನಿಯಮಗಳಿಗೆ ಇಲ್ಲಿ ಒತ್ತಿ' ಎಂಬ ನೀಲಿ ಅಕ್ಷರದ ಚಿತ್ರವನ್ನು ಎಷ್ಟು ಒತ್ತಿದರೂ ಏನು ಬಂದೀತು?

ಪಿಡಿಎಫ್ ಮಾಡುತ್ತೇನೆ ಎನ್ನುವವರು ಒಂದು ಮೆಟ್ಟಿಲು ಮೇಲಿದ್ದಾರೆ, ಅವರನ್ನು ಬೈಯುವುದಿಲ್ಲ. ಆದರೆ ಕನ್ನಡ ಪುಟವನ್ನು ಪಿಡಿಎಫ್ ಮಾಡಿ, ಅದರಿಂದ ಒಂದು ವಾಕ್ಯ ಕಾಪಿ ಮಾಡಿ ಬೇರೆಲ್ಲಾದರೂ ಅಂಟಿಸಿ ನೋಡಿ. ಎಷ್ಟೋ ಸಲ ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ ಬಿದ್ದಿರುತ್ತದೆ. ಕಣ್ಣಿಗೆ ಕನ್ನಡ, ಒಳಗೆ ಗೊಜ್ಜು.

ಹಾಗಾದರೆ ಸರಿಯಾಗಿ ಉಳಿಸುವುದು ಎಂದರೇನು? ಪುಟದ ಬರಹ, ಚಿತ್ರ, ಅಕ್ಷರಶೈಲಿ ಎಲ್ಲವೂ ನಮ್ಮ ಹತ್ತಿರ ಇರಬೇಕು, ಅದರೊಳಗಿನ ಲಿಂಕ್ ಒತ್ತಿದರೆ ಎಲ್ಲಿಗಾದರೂ ಹೋಗಿ ಮುಟ್ಟಬೇಕು. ಈ ಎರಡನೆಯ ಮಾತಿನಲ್ಲೇ ಎಲ್ಲರೂ ಎಡವುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪುಟ ಬರೆಯುವವರು ಲಿಂಕನ್ನು ಎರಡು ರೀತಿ ಬರೆಯುತ್ತಾರೆ. ಒಂದು, ಪೂರ್ತಿ ವಿಳಾಸ: ರಾಜ್ಯ, ಜಿಲ್ಲೆ, ಊರು, ಮನೆ ನಂಬ್ರ ಎಲ್ಲ ಇದ್ದ ಹಾಗೆ. ಇನ್ನೊಂದು, 'ಇಲ್ಲಿಂದ ಎಡಕ್ಕೆ ಮೂರನೇ ಮನೆ' ಎಂಬಂಥದ್ದು. ಎರಡನೆಯ ಜಾತಿಯ ಲಿಂಕ್ ಇರುವ ಪುಟವನ್ನು ಹಾಗೇ ಎತ್ತಿ ನಿಮ್ಮ ಫೋಲ್ಡರಿಗೆ ತಂದರೆ 'ಇಲ್ಲಿಂದ ಎಡಕ್ಕೆ' ಎಂದರೆ ನಿಮ್ಮ ಫೋಲ್ಡರಿನ ಎಡಕ್ಕೆ ಎಂದಾಗುತ್ತದೆ. ಅಲ್ಲಿ ನಿಮ್ಮ ಅಕ್ಕನ ಮದುವೆಯ ಫೋಟೊ ಇರುತ್ತದೆ, ನಿಯಮಾವಳಿ ಇರುವುದಿಲ್ಲ.

ಇವತ್ತಿನ ಬ್ರೌಸರುಗಳು ಸೇವ್ ಮಾಡುವಾಗ ಸಾಮಾನ್ಯವಾಗಿ ಇಂಥ ಲಿಂಕ್‌ಗಳನ್ನು ಪೂರ್ತಿ ವಿಳಾಸವಾಗಿ ತಿದ್ದಿ ಕೊಡುತ್ತವೆ. ಒಳ್ಳೆಯದೇ, ಆದರೆ ಸಾಲದು. ಆ ವಿಳಾಸ ಮತ್ತೆ ಅದೇ ಕಚೇರಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ, ಅಲ್ಲಿ ಪುಟ ಹೋದ ದಿನ ನಿಮ್ಮ ಪ್ರತಿಯ ಲಿಂಕ್ ಕೂಡ ಹೋಯಿತು. ಆದ್ದರಿಂದ ಮುಖ್ಯವಾದ ಪುಟವಾದರೆ ಅದರ ಲಿಂಕ್‌ಗಳ ಆಚೆ ಇರುವ ಪುಟಗಳನ್ನೂ, ಕನಿಷ್ಠ ಒಂದು ಹೆಜ್ಜೆಯಷ್ಟು, ಇಳಿಸಿಕೊಳ್ಳಬೇಕು. ಮೊದಲ ಪುಟದ ಲಿಂಕ್ ನಿಮ್ಮಲ್ಲಿರುವ ಎರಡನೆಯ ಪುಟಕ್ಕೇ ಹೋಗುವಂತಿರಬೇಕು. ಕೈಯಲ್ಲಿ ತಿದ್ದುವ ಕೆಲಸವಲ್ಲ ಇದು. ಎಚ್‌ಟಿಟ್ರ್ಯಾಕ್ ಎಂಬ ಉಚಿತ ತಂತ್ರಾಂಶ ಇದನ್ನೇ ಮಾಡುತ್ತದೆ. ಲಿನಕ್ಸ್ ಬಳಸುವವರಿಗೆ ಡಬ್ಲ್ಯೂಗೆಟ್ ಇದೆ. ಇಳಿಸಿದ ಪುಟಗಳಿಗೆ ಹೋಗುವ ಲಿಂಕ್‌ಗಳನ್ನು ನಿಮ್ಮ ಫೋಲ್ಡರಿನೊಳಗೆ ತಿರುಗಿಸುತ್ತದೆ, ಇಳಿಸದೆ ಬಿಟ್ಟವುಗಳಿಗೆ ಪೂರ್ತಿ ವಿಳಾಸ ಬರೆಯುತ್ತದೆ. ಇಡೀ ತಾಣವನ್ನು ಎಳೆದುಕೊಳ್ಳಲು ಹೋಗಬೇಡಿ, ಪಾಪ, ಆ ಕಡೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಬೇಕಾದಷ್ಟು ಮಾತ್ರ.

ಇಷ್ಟೆಲ್ಲ ಬೇಡ, ಒಂದೇ ಪುಟ ಸಾಕು ಎನ್ನುವವರಿಗೆ ಸಿಂಗಲ್‌ಫೈಲ್ ಎಂಬ ಬ್ರೌಸರ್ ಸಹಾಯಕ ಸಾಕು. ಚಿತ್ರ, ಅಕ್ಷರಶೈಲಿ ಎಲ್ಲವನ್ನೂ ಒಂದೇ ಕಡತದೊಳಗೆ ತುಂಬಿಸುತ್ತದೆ. ಬ್ರೌಸರಿನ ಮಾಮೂಲಿ ಸೇವ್‌ನಲ್ಲಿ ಪುಟದ ಜತೆ ಒಂದು ಫೋಲ್ಡರ್ ಹುಟ್ಟುತ್ತದೆ, ನಾವು ಪುಟವನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿ ಫೋಲ್ಡರನ್ನು ಮನೆಯಲ್ಲೇ ಬಿಡುತ್ತೇವೆ. ಆ ರಗಳೆ ಇದರಲ್ಲಿ ಇಲ್ಲ. ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು: ಮೂಲ ವಿಳಾಸ ಯಾವುದು, ಯಾವ ದಿನ ಎಷ್ಟು ಗಂಟೆಗೆ ಉಳಿಸಿದ್ದು ಎನ್ನುವುದನ್ನು ಕಡತದ ತಲೆಯಲ್ಲೇ ಬರೆದಿಡುತ್ತದೆ. ತಂಗಿಯ ಸ್ಕ್ರೀನ್‌ಶಾಟ್‌ನಲ್ಲಿ ಇಲ್ಲದೆ ಹೋದದ್ದು ಸರಿಯಾಗಿ ಇದೇ. ಫೋನಿನಲ್ಲಿ ಫೈರ್‌ಫಾಕ್ಸ್ ಇದ್ದರೆ ಅಲ್ಲೂ ಹಾಕಿಕೊಳ್ಳಬಹುದು. ವಿಡಿಯೊ ಉಳಿಯುವುದಿಲ್ಲ, ಕೆಳಗೆ ಸರಿಸುತ್ತಾ ಹೋದಂತೆ ಬೆಳೆಯುವ ಪುಟಗಳಲ್ಲಿ ನೀವು ಸರಿಸಿದಷ್ಟೇ ಉಳಿಯುತ್ತದೆ, ಇದು ತಿಳಿದಿರಲಿ.

ಕನ್ನಡದವರಿಗೆ ಇರುವ ಎರಡು ತಲೆನೋವುಗಳನ್ನು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಇಂಗ್ಲಿಷ್‌ನಲ್ಲಿ ಬರುವ ಸಲಹೆಗಳಲ್ಲಿ ಇವು ಇರುವುದಿಲ್ಲ. ಯೂನಿಕೋಡ್ ಎಲ್ಲರ ಬಳಕೆಗೆ ಬರುವ ಮೊದಲು ಕನ್ನಡದ ಪುಟಗಳು ತಮ್ಮದೇ ಅಕ್ಷರಶೈಲಿಗಳನ್ನು ನಂಬಿಕೊಂಡಿದ್ದವು. ಒಳಗೆ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸ್ಥಾನಗಳು, ಮೇಲೆ ಕನ್ನಡದ ಮುಖವಾಡ. ಅಕ್ಷರಶೈಲಿ ಇಲ್ಲದೆ ಪುಟ ಉಳಿಸಿದವರ ಹತ್ತಿರ ಇವತ್ತು ಇರುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ನನ್ನ ಹಳೆಯ ಸಿಡಿಯೊಂದರಲ್ಲಿ ಅಂಥ ಇಪ್ಪತ್ತು ಪುಟಗಳಿವೆ. ಏನೆಂದು ನನಗೇ ಗೊತ್ತಿಲ್ಲ, ಎಸೆಯಲು ಮನಸ್ಸೂ ಬರುವುದಿಲ್ಲ. ಹಳೆಯ ಕನ್ನಡ ಪುಟ ಸಿಕ್ಕರೆ ಅಕ್ಷರಶೈಲಿ ಸಮೇತ ಉಳಿಸಿ.

ಎರಡನೆಯದು ಹೆಸರಿನ ಪಾಡು. ಕನ್ನಡದಲ್ಲಿ ಶೀರ್ಷಿಕೆ ಇರುವ ಪುಟದ ವಿಳಾಸವನ್ನು ಕಾಪಿ ಮಾಡಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ರೈಲು ಬರುತ್ತದೆ, ನೋಡಿದ್ದೀರಲ್ಲ? ನಮ್ಮ ಒಂದು ಅಕ್ಷರಚಿಹ್ನೆಗೆ ಕಂಪ್ಯೂಟರಿನಲ್ಲಿ 3 ಬೈಟ್ ಬೇಕು, ಶೇಕಡಾ ರೂಪದಲ್ಲಿ ಅದು 9 ಆಗುತ್ತದೆ. ಕಡತದ ಹೆಸರಿಗೆ ಸಾಮಾನ್ಯವಾಗಿ ಇರುವ ಮಿತಿ 255. ಅಂದರೆ ಆ ರೂಪದಲ್ಲಿ ಹೆಸರು 28 ಚಿಹ್ನೆ ದಾಟಿದರೆ ಉಳಿಯುವುದಿಲ್ಲ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ, ಹಾಗಾಗಿ ನಾಲ್ಕೈದು ಪದಕ್ಕೇ ಮುಗಿಯುತ್ತದೆ. ಇಂಗ್ಲಿಷ್ ಶೀರ್ಷಿಕೆಯವರಿಗೆ ಈ ಗೋಡೆ ಎದುರಾಗುವುದೇ ಅಪರೂಪ. ಉಳಿಸುವಾಗ ನೀವೇ ಒಂದು ಗಿಡ್ಡ ಹೆಸರು ಕೊಟ್ಟುಬಿಡಿ, ಜತೆಗೆ ದಿನಾಂಕ.

"ವೇಬ್ಯಾಕ್ ಮಷೀನ್ ಇದೆಯಲ್ಲ ಮಾರಾಯ, ಎಲ್ಲ ಅಲ್ಲಿ ಉಳಿದಿರುತ್ತದೆ" ಎಂದು ನಮ್ಮ ಯುವ ಸಂಚಾಲನದ ತಿಳಿದವನೊಬ್ಬ ನನ್ನ ಬಾಯಿ ಮುಚ್ಚಿಸಲು ನೋಡಿದ. ಇದು ನಿಜವಾಗಿಯೂ ಗಟ್ಟಿ ವಾದ, ತಳ್ಳಿಹಾಕುವುದಿಲ್ಲ. ಇಂಟರ್ನೆಟ್ ಆರ್ಕೈವ್ 1996ರಿಂದ ಪುಟಗಳನ್ನು ಕೂಡಿಡುತ್ತಿದೆ, ಅವರ ಋಣ ದೊಡ್ಡದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಮೂಲ ತಾಣ ಮುಚ್ಚಿದ ಮೇಲೂ ಅದರ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ನಮಗೆ ಸಿಗುತ್ತಿರುವುದು, ಕಾರ್ಲ್ ಮಲಮುದ್ ಮತ್ತು ಅವರ ಸಂಗಡಿಗರು ಪ್ರತಿ ಮಾಡಿ ಈ ಆರ್ಕೈವಿಗೆ ಏರಿಸಿದ್ದರಿಂದ. ಆದರೆ 2017ರ ಆಗಸ್ಟ್‌ನಲ್ಲಿ ಇದೇ ಆರ್ಕೈವ್ ಭಾರತದಲ್ಲಿ ತೆರೆಯದಂತಾಗಿತ್ತು. ಸಿನಿಮಾ ನಿರ್ಮಾಪಕರು ಕಳ್ಳಪ್ರತಿಗಳ ವಿರುದ್ಧ ಮದ್ರಾಸ್ ಹೈಕೋರ್ಟಿನಿಂದ ತಂದ ಆದೇಶದ ಎರಡು ಸಾವಿರಕ್ಕೂ ಹೆಚ್ಚು ತಾಣಗಳ ಪಟ್ಟಿಯಲ್ಲಿ ಇದೂ ಸೇರಿಹೋಗಿತ್ತು. 2024ರ ಅಕ್ಟೋಬರಿನಲ್ಲಿ ದಾಳಿಕೋರರು ನುಗ್ಗಿ ದಿನಗಟ್ಟಲೆ ಅದು ಸ್ತಬ್ಧವಾಗಿತ್ತು. ಮೇಲಾಗಿ, ಯಾರೂ ತೋರಿಸದ ಮೂಲೆಯ ಕನ್ನಡ ಪುಟವೊಂದನ್ನು ಅದರ ಯಂತ್ರ ಬಂದು ನೋಡಿಯೇ ಇರುತ್ತದೆ ಎಂಬ ಖಾತ್ರಿ ಇಲ್ಲ. ತಂಗಿಯ ಪ್ರಕಟಣೆಯನ್ನು ಅಲ್ಲಿ ಹುಡುಕಿದೆ. ಇರಲಿಲ್ಲ.

ಗೂಗಲ್‌ನ ಕ್ಯಾಷ್ ಪ್ರತಿ ಸಿಗುತ್ತದೆ ಎಂದು ಇನ್ನೂ ನಂಬಿದವರಿದ್ದರೆ, ಗೂಗಲ್ ಆ ಸೌಲಭ್ಯವನ್ನು 2024ರಲ್ಲೇ ತೆಗೆದಿದೆ.

ಆದರೂ ಆರ್ಕೈವ್ ಒಂದು ವಿಷಯದಲ್ಲಿ ನಮ್ಮ ಸ್ವಂತ ಪ್ರತಿಗಿಂತ ಮೇಲು, ಇದನ್ನು ಒಪ್ಪಲೇಬೇಕು. ನನ್ನ ಕಂಪ್ಯೂಟರಿನಲ್ಲಿರುವ ಕಡತವನ್ನು ನಾನು ತಿದ್ದಬಲ್ಲೆ. 20 ಅನ್ನು 25 ಮಾಡಲು ಒಂದು ನಿಮಿಷ ಸಾಕು. ಹಾಗಾಗಿ ಮೇಜಿನ ಆಚೆಯವರು ನನ್ನ ಪ್ರತಿಯನ್ನೂ ಸಂಶಯದಿಂದ ನೋಡಬಹುದು. ಆರ್ಕೈವ್ ಮೂರನೆಯವರ ಸಾಕ್ಷಿ. ಅದರ ಮುಖಪುಟದಲ್ಲೇ ವಿಳಾಸ ಕೊಟ್ಟು ಈಗಲೇ ಉಳಿಸು ಎಂದು ಹೇಳುವ ಜಾಗ ಇದೆ, ಯಾರು ಬೇಕಾದರೂ ಬಳಸಬಹುದು. ದಿನಾಂಕ, ಹಣ, ಹಕ್ಕು ಇಂಥವು ಇರುವ ಪುಟವಾದರೆ ಎರಡನ್ನೂ ಮಾಡಿ: ಒಂದು ಪ್ರತಿ ಅಲ್ಲಿ, ಒಂದು ನಿಮ್ಮ ಕೈಯಲ್ಲಿ.

ಹೀಗೆ ಪ್ರತಿ ಮಾಡುವುದು ಕಳ್ಳತನ ಅಲ್ಲವೇ ಎಂದು ಒಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್, ಸ್ವಂತ ಉಪಯೋಗಕ್ಕೆ ಮತ್ತು ಅಧ್ಯಯನಕ್ಕೆ ನ್ಯಾಯವಾದ ಮಿತಿಯಲ್ಲಿ ಬಳಸುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಓದಲು ಇಟ್ಟುಕೊಂಡ ಪ್ರತಿ ಒಂದು, ಊರಿಗೆಲ್ಲ ಹಂಚಿದ ಪ್ರತಿ ಇನ್ನೊಂದು. ಬೇರೆಯವರ ಲೇಖನವನ್ನು ಹೆಸರು ತೆಗೆದು ಗುಂಪಿಗೆ ಹಾಕುವುದು ನಮ್ಮಲ್ಲಿ ನಡೆಯುತ್ತದೆ, ಅದನ್ನು ಕಳ್ಳತನ ಎಂದೇ ಕರೆಯುತ್ತೇನೆ. ಗುಂಪಿಗೆ ಲಿಂಕ್ ಹಾಕಿ, ಪ್ರತಿ ನಿಮ್ಮಲ್ಲಿರಲಿ.

ಜಾಗ ಇಲ್ಲ ಎನ್ನುವವರ ಜತೆ ವಾದವೇ ಇಲ್ಲ. ಒಂದು ಪುಟ ಹೆಚ್ಚೆಂದರೆ ಕೆಲವು ಎಂಬಿ. ಫೋನಿನಲ್ಲಿ ಬಿದ್ದಿರುವ ಗುಡ್ ಮಾರ್ನಿಂಗ್ ಹೂವುಗಳನ್ನು ಒಂದು ಸಂಜೆ ಗುಡಿಸಿ ಸಾಕು.

ಎಲ್ಲವನ್ನೂ ಉಳಿಸಬೇಕು ಎಂದು ನಾನು ಹೇಳುತ್ತಿಲ್ಲ. ಕ್ರಿಕೆಟ್ ಸ್ಕೋರ್ ಹೋಗಲಿ, ನಟನಟಿಯರ ಸುದ್ದಿ ಹೋಗಲಿ. ಆದರೆ ನಮ್ಮಂಥವರಿಗೆ, 1956ರ ನವೆಂಬರ್ 1ರಿಂದ ಒಂದು ಭಾಷೆಯ ರಾಜ್ಯದಲ್ಲಿ ಇನ್ನೊಂದು ಭಾಷೆಯವರಾಗಿ ಬದುಕುವವರಿಗೆ, ಕನ್ನಡದಲ್ಲಿ ಬಂದ ಒಂದು ಸುತ್ತೋಲೆ, ಒಂದು ನಮೂನೆ, ಒಂದು ಪ್ರಶ್ನೆಪತ್ರಿಕೆ ಎರಡನೆಯ ಸಲ ಸಿಗುತ್ತದೆ ಎಂಬ ಭರವಸೆ ಇಲ್ಲ. ಮಲಯಾಳದ ಪ್ರಕಟಣೆ ಹೋದರೆ ಹತ್ತು ಪತ್ರಿಕೆಗಳಲ್ಲಿ ಅದರ ಸುದ್ದಿ ಇರುತ್ತದೆ. ಕನ್ನಡದ್ದು ಹೋದರೆ ಇತ್ತು ಎನ್ನುವುದಕ್ಕೇ ಸಾಕ್ಷಿ ಇರುವುದಿಲ್ಲ. ಮೊದಲು ಕನ್ನಡದಲ್ಲೂ ಕೊಟ್ಟಿದ್ದಿರಿ ಎಂದು ನಾಳೆ ಕೇಳಲು ನಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲ?

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ಒಂದು ಗಂಟೆ ಇರುತ್ತೇನೆ. ಫಾದರ್ ಒಪ್ಪಿದ್ದಾರೆ, ವೈಫೈ ಕೊಡುತ್ತಾರೆ. ಫೋನ್ ತನ್ನಿ, ಲ್ಯಾಪ್‌ಟಾಪ್ ಇದ್ದವರು ಅದನ್ನೂ ಒಂದು ಪೆನ್‌ಡ್ರೈವನ್ನೂ ತನ್ನಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಬೇಕಾಗುವ ಪುಟಗಳ ಒಂದು ಪಟ್ಟಿ ಮಾಡಿದ್ದೇನೆ, ಹಂಚಿಕೊಂಡು ಉಳಿಸೋಣ. ಉಳಿಸಿದ ಮೇಲೆ ಇಂಟರ್ನೆಟ್ ಆಫ್ ಮಾಡಿ ಪ್ರತಿ ಲಿಂಕನ್ನೂ ಒತ್ತಿ ನೋಡುವುದು ಕಡ್ಡಾಯ. ಹಾಗೆ ನೋಡದೆ ನಾನೇ ಎರಡು ಸಲ ಮೋಸ ಹೋಗಿದ್ದೇನೆ.

ಚಿಕ್ಕಮ್ಮನ ಮಗಳು ಈ ವರ್ಷ ಮತ್ತೆ ಅರ್ಜಿ ಹಾಕುತ್ತಿದ್ದಾಳೆ. ಪ್ರಕಟಣೆ ಬಂದ ಸಂಜೆಯೇ ಅವಳು ಪುಟ, ನಮೂನೆ, ನಿಯಮ ಮೂರನ್ನೂ ಇಳಿಸಿ, ಆರ್ಕೈವಿಗೂ ಕಳುಹಿಸಿ ನನಗೆ ಮೆಸೇಜ್ ಹಾಕಿದಳು: "ಅಣ್ಣಾ, ಆಯ್ತು. ದಿನಾಂಕ 18 ಅಂತ ಇದೆ." ನಾನು ದಿನಾ ಬೆಳಿಗ್ಗೆ ಆ ಪುಟ ತೆರೆದು ನೋಡುತ್ತಿದ್ದೇನೆ. ಇವತ್ತಿನವರೆಗೆ 18 ಎಂದೇ ಇದೆ.